ನಾಲಗೆ ಕೆಳಗಿನ ಮಾತ್ರೆ

ಸವಳಂಗದ ಬಸ್ ಸ್ಟಾಪಿನ ಎದುರು ಒಂದು ಫ್ಲೆಕ್ಸ್ ಇನ್ನೂ ನಿಂತಿದೆ. ಬಿಸಿಲಿಗೆ ಬಣ್ಣ ಹೋಗಿದೆ, ಒಂದು ಮೂಲೆಯ ದಾರ ಕಿತ್ತುಬಂದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ದಪ್ಪ ಅಕ್ಷರ, ಅದರ ಕೆಳಗೆ ಪೊದೆ ಮೀಸೆಯ ಒಬ್ಬರ ಫೋಟೋ, ಕೊರಳಲ್ಲಿ ತುಳಸಿಮಾಲೆ, ಅದರ ಕೆಳಗೆ 'ದುಶ್ಚಟವನ್ನು ಗೆದ್ದ ಧೀರ' ಎಂಬ ಬಿರುದು. ನಾನು ದಿನಾ ಹೊನ್ನಾಳಿಗೆ ಹೋಗುವ ಬಸ್ಸು ಸರಿಯಾಗಿ ಅದರ ಮುಂದೆಯೇ ನಿಲ್ಲುತ್ತದೆ. ನಿಂತಾಗೆಲ್ಲ ಮೈ ಉರಿಯುತ್ತದೆ. ಇಳಿದು ಹೋಗಿ ಹರಿದು ಹಾಕೋಣ ಅನಿಸುತ್ತದೆ. ಅಷ್ಟರಲ್ಲಿ ಬಸ್ಸು ಹೊರಡುತ್ತದೆ, ನನಗೂ ಡ್ಯೂಟಿಗೆ ತಡವಾಗಿರುತ್ತದೆ.

ಅವರ ಹೆಸರು ಹೇಳುವುದಿಲ್ಲ. ಅವರ ಮಗಳು ಗಂಡನ ಮನೆಯಲ್ಲಿ ಬಾಳಬೇಕು. ನಮ್ಮ ಸೆಂಟರಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ಇಲ್ಲಿಯೂ ಹಾಗೇ ಇರಲಿ. ಹೊನ್ನಾಳಿಯ ಮೆಕ್ಕೆಜೋಳದ ಗೋಡೌನುಗಳಲ್ಲಿ ಚೀಲ ಹೊರುವ ಹಮಾಲರ ಗುಂಪಿಗೆ ಅವರು ಮೇಸ್ತ್ರಿಯಾಗಿದ್ದರು. ಆಮೇಲೆ ನಮ್ಮಲ್ಲಿ ಪೇಶೆಂಟ್ ಆದರು. ಗುಣವಾದ ಮೇಲೆ ನಮ್ಮಲ್ಲೇ ಅಟೆಂಡರ್ ಆಗಿ ಉಳಿದರು. ನಾನು ಅಲ್ಲಿಯ ನರ್ಸು.

ಸೆಂಟರ್ ಎಂದರೆ ಚಟ ಬಿಡಿಸುವ ಕೇಂದ್ರ. ಊರ ಹೊರಗೆ, ರೈಸ್ ಮಿಲ್ಲಿನ ಹಿಂದೆ, ಒಂದು ಬಾಡಿಗೆ ಕಟ್ಟಡ. ಮೊದಲು ಬರೀ ಕುಡುಕರು ಬರುತ್ತಿದ್ದರು. ಈಗ ಗುಳಿಗೆಯವರೂ ಬರುತ್ತಾರೆ. ಕೆಲವರದು ನೋವಿನ ಮಾತ್ರೆ, ಕೆಲವರದು ಕ್ಯಾಪ್ಸೂಲು, ಕೆಲವರದು ಕೆಮ್ಮಿನ ಸಿರಪ್ಪು, ಎಳೆಯರದು ಸೂಜಿ. ಎಲ್ಲವೂ ಅಫೀಮಿನ ಕುಲದವೇ. ಡಾಕ್ಟರು ಚೀಟಿ ಬರೆದು ಕೊಟ್ಟರೆ ಔಷಧ, ಚೀಟಿ ಇಲ್ಲದೆ ನುಂಗಿದರೆ ನಶೆ.

ಮೇಸ್ತ್ರಿ ಮೊದಲು ಬಂದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮಲ್ಲಿಗೆ ಬರುವವರನ್ನು ಯಾರಾದರೂ ಎಳೆದುಕೊಂಡು ಬರುವುದೇ ಹೆಚ್ಚು. ಹೆಂಡತಿ ಅಳುತ್ತಿರುತ್ತಾಳೆ, ಭಾವಮೈದುನ ರಟ್ಟೆ ಹಿಡಿದಿರುತ್ತಾನೆ. ಇವರು ಒಬ್ಬರೇ ಬಂದರು, ಬಗಲಲ್ಲಿ ಒಂದು ತಲೆದಿಂಬು ಇಟ್ಟುಕೊಂಡು. "ಬೇರೇರ ದಿಂಬು ನಂಗೆ ಆಗಿಬರಲ್ಲ" ಅಂದರು. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಮಡಿಕೆ ಕೆಡದ ಟವೆಲ್ಲು, ತಿದ್ದಿದ ಮೀಸೆ. ಯಾರೋ ಹೆಣ್ಣು ನೋಡಲು ಬಂದಿದ್ದಾರೆ ಅನ್ನಬೇಕು, ಹಾಗೆ. ಕೈ ಮಾತ್ರ ನಡುಗುತ್ತಿತ್ತು.

ಡಾಕ್ಟರು ಎಲ್ಲರನ್ನೂ ಕೇಳುವಂತೆ, "ಏನೇನು ತಗೊಳ್ತೀರಿ?" ಎಂದು ಕೇಳಿದರು.

"ತಗೊಳ್ಳೋದು ಕೇಳ್ತೀರೋ, ಇಷ್ಟ ಆಗೋದು ಕೇಳ್ತೀರೋ ಸಾರ್?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಎರಡೂ ಹೇಳ್ರಿ."

"ತಗೊಳ್ಳೋದು ಸಿಕ್ಕಿದ್ದು ಸಾರ್. ಇಷ್ಟ ಅಂದ್ರೆ ಕ್ಯಾಪ್ಸೂಲು. ಸಿರಪ್ಪು ಸಿಹಿ, ಹೊಟ್ಟೆ ತೊಳೆಸ್ತೈತೆ. ಸೂಜಿ ಅಂದ್ರೆ ನಂಗೆ ಮೊದ್ಲಿಂದ್ಲೂ ಭಯ. ಕ್ಯಾಪ್ಸೂಲು ಹಂಗಲ್ಲ. ಬೆಳಿಗ್ಗೆ ಚಾ ಜತೆ ನುಂಗಿ ಲಾರಿ ಹತ್ರ ನಿಂತ್ರೆ, ಚೀಲ ತಾನೇ ಬಂದು ಬೆನ್ನ ಮೇಲೆ ಕೂರ್ತೈತೆ."

ಹೋಟೆಲಿನಲ್ಲಿ ದೋಸೆಗೆ ಎಣ್ಣೆ ಬೇಡ, ತುಪ್ಪ ಇರಲಿ ಎಂದು ಹೇಳುವವರ ಹಾಗೆ ಹೇಳುತ್ತಿದ್ದರು. ನನಗೆ ನಗು ಬಂತು, ಜತೆಗೆ ಸಂಕಟವೂ ಆಯಿತು. ಶುರುವಾಗಿದ್ದು ಸೊಂಟದ ನೋವಿಗೆ. ಮೆಡಿಕಲ್ ಶಾಪಿನವನು ಕೊಟ್ಟ, ನೋವು ಹೋಯಿತು. ನೋವು ಹೋದ ಮೇಲೂ ಮೆಡಿಕಲ್ ಶಾಪು ಅಲ್ಲೇ ಇತ್ತು. ಕೊನೆಕೊನೆಗೆ ಗುಂಪಿನವರೆಲ್ಲ ಲೋಡಿಗೆ ನಿಲ್ಲುವ ಮುಂಚೆ ಮೇಸ್ತ್ರಿಯ ಕೈಯಿಂದಲೇ ಇಸಿದುಕೊಂಡು ನುಂಗುತ್ತಿದ್ದರಂತೆ. ಮಾಲು ಬೇಗ ಇಳಿದರೆ ಸಾಹುಕಾರರಿಗೂ ಸಂತೋಷ. ಯಾರೂ ಏನೂ ಕೇಳುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಅವರು ಪಟ್ಟ ಪಾಡನ್ನು ಹೇಳುವುದು ಬೇಡ. ಆಮೇಲೆ ಡಾಕ್ಟರು ನಾಲಗೆ ಕೆಳಗಿಡುವ ಮಾತ್ರೆ ಶುರುಮಾಡಿದರು. ಇದೂ ಅದೇ ಕುಲದ್ದು. ಆದರೆ ಇದು ತಲೆಗೇರುವುದಿಲ್ಲ, ಆಸೆಯನ್ನು ಹಿಡಿದು ಕೂರಿಸುತ್ತದೆ. ದಿನಾ ತಗೊಂಡರೆ ಮನುಷ್ಯ ಮನುಷ್ಯನಾಗಿರುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಮಲಗುತ್ತಾನೆ. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ತಗೊಳ್ಳಬೇಕು, ಬಿಡುವುದಿದ್ದರೂ ಡಾಕ್ಟರ ಎದುರೇ ನಿಧಾನವಾಗಿ ಇಳಿಸಿ ಬಿಡಬೇಕು. ಕೇಳುವುದಕ್ಕೆ ಸುಲಭ, ಊರಿಗೆ ತಿಳಿಸುವುದು ಕಷ್ಟ. ಚಟ ಬಿಡಿಸಲು ಹೋದರೆ ಇನ್ನೊಂದು ಮಾತ್ರೆ ಕೊಟ್ಟು ಕಳಿಸುತ್ತಾರೆ ಎಂದು ನಮ್ಮನ್ನು ಬೈಯದವರಿಲ್ಲ.

ಆ ಮಾತ್ರೆ ನಾಲಗೆ ಕೆಳಗೆ ಕರಗುವವರೆಗೆ ಮಾತಾಡಬಾರದು, ಎಂಜಲು ನುಂಗಬಾರದು. ಮೇಸ್ತ್ರಿಗೆ ಅದೇ ದಿನದ ದೊಡ್ಡ ಪರೀಕ್ಷೆ, ಯಾಕೆಂದರೆ ಸುಮ್ಮನಿರುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಮಾತ್ರೆ ಇಟ್ಟುಕೊಂಡು ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂತು, ಯಾರಾದರೂ ಮಾತಾಡಿಸಲು ಬಂದರೆ ಟ್ರಾಫಿಕ್ ಪೊಲೀಸಿನ ಹಾಗೆ ಅಂಗೈ ಎತ್ತುತ್ತಿದ್ದರು. ಹಾಗೆ ಎತ್ತಿದ ಕೈಯಲ್ಲೇ ಅಡಿಗೆಯವಳಿಗೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಸನ್ನೆ ಮಾಡುತ್ತಿದ್ದರು, ನನಗೆ ಫೋನು ಬರುತ್ತಿದೆ ಎಂದು ತೋರಿಸುತ್ತಿದ್ದರು, ಗೇಟಿನಲ್ಲಿ ನಿಂತ ನಾಯಿಯನ್ನು ಓಡಿಸುತ್ತಿದ್ದರು. ಕರಗಿದ ಕೂಡಲೇ ಅಷ್ಟು ಹೊತ್ತು ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಹೊರಗೆ ಬರುತ್ತಿತ್ತು. "ಮೇಸ್ತ್ರಿದು ಮೌನವ್ರತ ಮುಗೀತು, ಎಲ್ರೂ ಕಿವಿ ಮುಚ್ಕೊಳ್ರಿ" ಎಂದು ನಾವು ರೇಗಿಸುತ್ತಿದ್ದೆವು.

ಹೊಸದಾಗಿ ಸೇರಲು ಬಂದವರು ಡಾಕ್ಟರನ್ನು ಕಾಯುತ್ತ ಕೂರುತ್ತಿದ್ದುದೂ ಅದೇ ಬೆಂಚಿನ ಮೇಲೆ. ಮೇಸ್ತ್ರಿ ಪಕ್ಕದಲ್ಲಿ ಕೂತು, ಊರು ಕೇರಿ ವಿಚಾರಿಸಿ, "ನಿಂಗೆ ಯಾವ್ದು ಇಷ್ಟ?" ಎಂದು ಶುರುಮಾಡುತ್ತಿದ್ದರು. ಡಾಕ್ಟರಿಗೆ ಹೇಳದ್ದನ್ನು ಜನ ಅವರಿಗೆ ಹೇಳುತ್ತಿದ್ದರು. ಚನ್ನಗಿರಿಯ ಒಬ್ಬ ಟೈಲರಣ್ಣ, ವಯಸ್ಸಾದ ತಾಯಿಯೊಂದಿಗೆ ಇರುವವನು, ಸಿರಪ್ಪು ಬಿಟ್ಟು ಬೇರೇನೂ ಮುಟ್ಟಿದವನಲ್ಲ. "ಅಮ್ಮೀ ಐದು ಹೊತ್ತಿನ ನಮಾಜಿನವಳು ಮೇಸ್ತ್ರಿ. ಶರಾಬು ವಾಸನೆ ಬಂದ್ರೆ ಮನೆ ಒಳಗೇ ಬಿಡಲ್ಲ. ಇದು ದವಾ ತಾನೇ? ಪಾಪ, ಮಗಂಗೆ ಕೆಮ್ಮು ಅಂತ ಅವಳೇ ಎಷ್ಟೋ ಸಲ ತರ್ಸಿ ಕೊಟ್ಟಾಳೆ" ಅಂದನಂತೆ. ಸೂಳೆಕೆರೆಯಲ್ಲಿ ಮೀನು ಹಿಡಿಯುವವನೊಬ್ಬ ಚಳಿಗೆಂದು ಮಾತ್ರೆ ಹಿಡಿದವನು. ನೀರಿಗಿಳಿದರೆ ಮೈಯೇ ಗೊತ್ತಾಗುವುದಿಲ್ಲ, ಅದಕ್ಕೇ ಅದು ಇಷ್ಟ ಅಂದ. ಸೂಜಿಯ ಹುಡುಗರನ್ನು ಕಂಡರೆ ಮಾತ್ರ ಮೇಸ್ತ್ರಿಗೆ ಆಗುತ್ತಿರಲಿಲ್ಲ. "ನಮಗೆ ನೋವು ಮೊದ್ಲು ಬಂತು, ಗುಳಿಗೆ ಆಮೇಲೆ ಬಂತು. ಇವಕ್ಕೆ ಗುಳಿಗೆ ಮೊದ್ಲು, ನೋವು ಆಮೇಲೆ" ಎನ್ನುತ್ತಿದ್ದರು.

ಅವರ ಲೆಕ್ಕ ಯಾವಾಗಲೂ ಸರಿಯಾಗುತ್ತಿತ್ತು ಎಂದೇನಲ್ಲ. ನ್ಯಾಮತಿಯ ಮೇಷ್ಟ್ರೊಬ್ಬರು ಕಾಲಿನ ಆಪರೇಷನ್ ಆದ ಮೇಲೆ ಮಾತ್ರೆಗೆ ಬಿದ್ದವರು. ಮಾತ್ರೆ ತಗೊಂಡರೆ ಮಕ್ಕಳ ಗಲಾಟೆ ಎಲ್ಲೋ ದೂರದಲ್ಲಿ ಕೇಳಿದಂತೆ ಆಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿದರು. ಮೇಸ್ತ್ರಿ ಒಳಗೆ ಬಂದು, "ಸಿಸ್ಟರ್, ಇವರು ನಿಲ್ಲೋ ಗಿರಾಕಿ ಅಲ್ಲ. ಹೆಂಡ್ತಿನ ನೆನೆಸಿಕೊಂಡಂಗೆ ನೆನೆಸ್ಕೊತಾರೆ. ವಾರ ಇದ್ರೆ ನನ್ನ ಮೀಸೆ ಬೋಳಿಸ್ರಿ" ಎಂದು ಪಣ ಕಟ್ಟಿದರು. ಮೇಷ್ಟ್ರು ಉಳಿದರು. ಈಗಲೂ ತಿಂಗಳಿಗೊಮ್ಮೆ ಸೀಬೆಹಣ್ಣು ಹಿಡಿದುಕೊಂಡು ಬಂದು ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಅವರು ಬಂದಾಗೆಲ್ಲ ಮೇಸ್ತ್ರಿ ಮೀಸೆಗೆ ಟವೆಲ್ಲು ಅಡ್ಡ ಹಿಡಿದುಕೊಂಡು ಓಡಾಡುತ್ತಿದ್ದರು.

ಅವರಲ್ಲಿ ನನಗೆ ಆಗದ ಗುಣವೂ ಇತ್ತು. ಕುಡುಕರನ್ನು ಕಂಡರೆ ಮೂಗು ಮುರಿಯುತ್ತಿದ್ದರು. "ಕುಡುಕಂದು ಬಾಯಿ ವಾಸನೆ, ಬೀದಿ ಜಗಳ, ಚರಂಡಿ ವಾಸ. ನಮ್ದು ಮರ್ಯಾದಸ್ತ ಚಟ" ಎಂದು ಎಲ್ಲರ ಎದುರು ಅಂದುಬಿಡುತ್ತಿದ್ದರು.

"ಚಟಕ್ಕೆ ಎಲ್ಲಿಯ ಮರ್ಯಾದೆ ಮೇಸ್ತ್ರಿ? ಬಾವಿಗೆ ಬಿದ್ದೋನು ಕೆರೆಗೆ ಬಿದ್ದೋನನ್ನ ನೋಡಿ ನಕ್ಕಂಗಾಯ್ತು" ಎಂದು ನಾನು ಗದರಿಸುತ್ತಿದ್ದೆ.

ನಮ್ಮ ಕಡೆ ಕುಡಿತ ಬಿಡಿಸಲು ಮಾಲೆ ಹಾಕಿಸುವ ಪದ್ಧತಿ ಇದೆ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಜನರ ಎದುರು ಪ್ರಮಾಣ ಮಾಡಿಸಿ, ಕೊರಳಿಗೆ ತುಳಸಿಮಾಲೆ ಹಾಕಿಸುತ್ತಾರೆ. ಒಂದು ಮಂಡಲ ಅದನ್ನು ಧರಿಸಬೇಕು. ಧರಿಸಿದಷ್ಟು ದಿನ ಯಾವ ನಶೆಯನ್ನೂ ಮುಟ್ಟುವಂತಿಲ್ಲ, ಮುಟ್ಟಿದರೆ ಮನೆಗೇ ಕೇಡು ಎಂಬ ಭಯ. ಹಾಗೆ ಬಿಟ್ಟು ಚೆನ್ನಾಗಿ ಬದುಕಿದವರನ್ನು ನಾನೂ ನೋಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಬಿಡಲಾಗದೆ ಕೊನೆಗೆ ನಮ್ಮಲ್ಲಿಗೆ ಬಂದವರನ್ನೂ ನೋಡಿದ್ದೇನೆ. ಅಂಥವರು ಬಂದರೆ ಮೇಸ್ತ್ರಿಗೆ ಹಬ್ಬ. "ಕೊರಳಿಗೆ ಹಾಕ್ತಾರಲ್ಲ ಮಾಲೆ, ಚಟ ಇರೋದು ಕೊರಳಾಗೇನು?" ಎಂದು ನಗುತ್ತಿದ್ದರು.

ಇಷ್ಟೆಲ್ಲ ಬಾಯಿ ಇದ್ದ ಮನುಷ್ಯ ಮಗಳ ಮಾತು ಬಂದರೆ ಮೆತ್ತಗಾಗುತ್ತಿದ್ದರು. ಒಬ್ಬಳೇ ಮಗಳು. ನ್ಯಾಮತಿಯಲ್ಲಿ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಅಪ್ಪ ಕ್ಯಾಪ್ಸೂಲು ನುಂಗಿ ತೂಕಡಿಸುತ್ತ ಬಿದ್ದಿರುತ್ತಿದ್ದ ದಿನಗಳಲ್ಲಿ ಹೈಸ್ಕೂಲು ಓದಿದವಳು. ಅಪ್ಪನ ಮೇಲೆ ಅವಳಿಗೆ ಪ್ರೀತಿಯೂ ಇತ್ತು, ಕಾವಲೂ ಇತ್ತು. ಆಗಾಗ ಕೆಲಸ ಮುಗಿಸಿ ಹೊನ್ನಾಳಿಗೆ ಬಂದು, "ಸಿಸ್ಟರ್, ಅಪ್ಪ ಇವತ್ತು ಮಾತ್ರೆ ತಗೊಂಡ್ರಾ?" ಎಂದು ನನ್ನನ್ನು ಕೇಳಿ ಹೋಗುತ್ತಿದ್ದಳು.

ಅವಳಿಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿನ ಹುಡುಗನೊಬ್ಬ ಇಷ್ಟವಾಗಿದ್ದ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಹುಡುಗನ ಮನೆಯವರೂ ಬಂದು ನೋಡಿ ಒಪ್ಪಿದರು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗನ ಅಪ್ಪನ ಕಿವಿಗೆ ಹಾಕಿದರು, ಹೆಣ್ಣಿನ ತಂದೆ ಇನ್ನೂ ದಿನಾ ಮಾತ್ರೆ ತಗೊಳ್ಳುತ್ತಾನೆ ಎಂದು. ಅವರು ಬಂದು ಕೇಳಿದಾಗ ಮೇಸ್ತ್ರಿ ಮುಚ್ಚಿಡಲಿಲ್ಲ. "ನಾನು ಹೇಳಿದ್ರೆ ನಿಮಗೆ ನಂಬಿಕೆ ಬರಲ್ಲ, ನಮ್ಮ ಸಿಸ್ಟರ್‌ನೇ ಕೇಳ್ರಿ" ಎಂದು ನನ್ನ ಹತ್ತಿರ ಕಳಿಸಿದರು.

ಬೀಗರಾಗಬೇಕಾದವರು ಕುರಿ ವ್ಯಾಪಾರದವರು, ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು. ಒರಟರೇನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ಕೈ ಮುಗಿದು ಕೂತರು.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಚಟ ಬಿಟ್ಟು ವರ್ಷಗಳಾದ್ವು ಅಂತಾರೆ. ಮತ್ತೆ ದಿನಾ ನಾಲಗೆ ಕೆಳಗೆ ಇಟ್ಕಳೋದು ಏನ್ರಿ ಅದು?"

"ಔಷಧಿ ಯಜಮಾನ್ರೇ. ಸಕ್ಕರೆ ಕಾಯಿಲೆಯವರು ದಿನಾ ತಗೊಳ್ಳಲ್ವಾ, ಹಾಗೆ."

"ನಿಲ್ಲಿಸಿದ್ರೆ?"

"ನಿಲ್ಲಿಸಬಾರದು. ಹಳೇದು ತಿರುಗಿ ಬರುತ್ತೆ. ಬಂದ್ರೆ ಈ ಸಲ ಪ್ರಾಣಕ್ಕೇ ಬರುತ್ತೆ."

"ಸಕ್ಕರೆ ಮಾತ್ರೆ ನಾನೂ ತಗೊಂತೀನಿ ಸಿಸ್ಟರ್. ತಗೊಂತೀನಿ ಅಂತ ಊರಾಗೆ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಇದನ್ನ ಹಂಗೆ ಹೇಳಾಕೆ ಆಗ್ತೈತೇನ್ರಿ?"

ನಾನು ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಡಾಕ್ಟರೂ ಹೇಳಿದರು. ಅವರು ತಲೆಯಾಡಿಸುತ್ತ ಕೇಳಿ, ಏಳುವಾಗ, "ನಂದೇನಿಲ್ಲ. ಮಾಲೆ ಹಾಕಿಸ್ಕೊಂಡು ಬರ್ಲಿ. ನಾಲ್ಕು ಜನರ ಎದುರು ನಾನೇ ಅವರ ಕೈ ಹಿಡಿದು ನಮ್ಮ ಬೀಗರು ಅಂತೀನಿ" ಅಂದರು. ಅಷ್ಟು ನಯವಾಗಿ ಕುತ್ತಿಗೆ ಕುಯ್ಯುವವರನ್ನು ನಾನು ಕಂಡಿರಲಿಲ್ಲ.

ಮೇಸ್ತ್ರಿ ಒಪ್ಪಿಕೊಂಡುಬಿಟ್ಟರು. ನಾನು ಕೂಗಾಡಿದೆ. "ಮಾಲೆ ನೋಡಿ ನಗ್ತಿದ್ದೋರು ನೀವೇ ಅಲ್ವಾ?"

"ನಗೋ ಕಾಲಕ್ಕೆ ನಕ್ಕೆ ಸಿಸ್ಟರ್. ಈಗ ನನ್ನ ಮಗಳ ಕಾಲ."

ಮಗಳೂ ಓಡಿ ಬಂದಳು. ಬೆಂಚಿನ ಎದುರು ನಿಂತು, "ಅಪ್ಪಾ, ನೀನು ಮಾತ್ರೆ ಬಿಟ್ರೆ ನಾನು ಹಸೆಮಣೆ ಹತ್ತಲ್ಲ, ಹೇಳಿದೀನಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

ಮೇಸ್ತ್ರಿ ನಕ್ಕರು. "ಬಿಡಲ್ಲ ಕಣವ್ವ. ಮಾಲೆ ಕೊರಳಾಗೆ ಇರ್ತೈತೆ, ಮಾತ್ರೆ ನಾಲಗೆ ಕೆಳಗೆ ಇರ್ತೈತೆ. ಒಂದರ ಸುದ್ದಿ ಒಂದಕ್ಕೆ ಗೊತ್ತಾಗಲ್ಲ." ಅವಳೂ ನಕ್ಕಳು, ಡಾಕ್ಟರೂ ನಕ್ಕರು. ಮದುವೆ ಓಡಾಟಕ್ಕೆಂದು ರಜೆ ಕೇಳಿದರು. ಮಾತ್ರೆ ತಪ್ಪದಿರಲೆಂದು ಅಷ್ಟು ದಿನಕ್ಕಾಗುವಷ್ಟನ್ನು ಡಾಕ್ಟರು ಕಟ್ಟಿಸಿ ಕೊಟ್ಟರು.

ಆ ಮಾತನ್ನು ಹೇಳುವಾಗ ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದೇ ಈಗಲೂ ನನ್ನ ನಂಬಿಕೆ. ಬೀಗರ ಕಣ್ಣಿಗೆ ಮಣ್ಣೆರಚಬಹುದು ಎಂದುಕೊಂಡಿದ್ದರು. ಆದರೆ ಮಣಿ ಕೊರಳಿಗೆ ಬಿದ್ದ ಮೇಲೆ ಆ ಮನುಷ್ಯನಿಂದ ಆಗಲಿಲ್ಲ. ದೇವರ ಎದುರು ಮಗಳ ಹೆಸರು ಹೇಳಿ ಪ್ರಮಾಣ ಮಾಡಿಸಿದರಂತೆ. ಮುಟ್ಟಿದರೆ ಕೇಡು ಅವಳಿಗೆ. ಔಷಧಿಗೂ ನಶೆಗೂ ಇರುವ ವ್ಯತ್ಯಾಸವನ್ನು ಹೊಸದಾಗಿ ಬಂದವರಿಗೆಲ್ಲ ಆ ಬೆಂಚಿನ ಮೇಲೆ ಕೂತು ಹೇಳಿಕೊಟ್ಟವರು, ತಮ್ಮ ಸರದಿ ಬಂದಾಗ ದೇವರಿಗೆ ಆ ವ್ಯತ್ಯಾಸ ಗೊತ್ತಿಲ್ಲ ಎಂದುಕೊಂಡರು.

ಮದುವೆ ಜಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ. ನಾನೂ ಅಡಿಗೆಯವಳೂ ಬಸ್ಸು ಬದಲಾಯಿಸಿಕೊಂಡು ಹೋದೆವು. ಧಾರೆಯ ಹೊತ್ತಿಗೆ ಸರಿಯಾಗಿ ತಲುಪಿದೆವು. ಮೇಸ್ತ್ರಿ ಹೊಸ ಪಂಚೆ ಉಟ್ಟು, ಮಾಲೆ ಹಾಕಿಕೊಂಡು, ಹೆಂಡತಿಯ ಪಕ್ಕ ಚೊಂಬು ಹಿಡಿದು ನಿಂತಿದ್ದರು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಕೈ ನಡುಗಿ ಧಾರೆಯ ನೀರು ಮಗಳ ಸೀರೆಯ ಮೇಲೆಲ್ಲ ಚೆಲ್ಲಿತು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಎಂಥ ಕರುಳು ನೋಡ್ರಿ, ಹೆತ್ತ ತಾಯಿನೇ ಹಿಂಗೆ ಅಳ್ತಿಲ್ಲ" ಅಂದಳು ಒಬ್ಬಳು.

ನಾನು ಅಳಲಿಲ್ಲ. ನನಗೆ ಅವರ ಮೂಗು ಕಾಣುತ್ತಿತ್ತು, ಟವೆಲ್ಲಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಮಂತ್ರದ ಮಧ್ಯೆ ದವಡೆ ಬಿಗಿಹಿಡಿದು ಆಕಳಿಕೆ ನುಂಗುತ್ತಿದ್ದರು. ಮಧ್ಯಾಹ್ನದ ಸೆಕೆಯಲ್ಲಿ ಬರಿಮೈಯ ಮೇಲೆ ಕೂದಲು ನಿಮಿರಿ ನಿಂತಿದ್ದವು. ಈ ಕಣ್ಣೀರನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಔಷಧಿ ನಿಂತ ಮೈ ಹೀಗೆ ಅಳುತ್ತದೆ, ಅದಕ್ಕೆ ಮಗಳೂ ಬೇಕಿಲ್ಲ, ಮದುವೆಯೂ ಬೇಕಿಲ್ಲ.

ಊಟದ ಹೊತ್ತಿಗೆ ಅಡಿಗೆಮನೆಯ ಹಿಂದೆ ಪಾತ್ರೆಗಳ ನಡುವೆ ಸೊಂಟ ಹಿಡಿದುಕೊಂಡು ಕೂತಿದ್ದರು. "ಯಾವಾಗಿನಿಂದ ಮೇಸ್ತ್ರಿ?" ಎಂದೆ.

"ಮಾಲೆ ಹಾಕ್ಕೊಂಡಾಗ್ಲಿಂದ."

"ಈಗಲೇ ನಡೀರಿ ಹೊನ್ನಾಳಿಗೆ. ಯಾರಿಗೂ ಹೇಳಲ್ಲ."

"ಮಂಡಲ ಒಂದು ಮುಗೀಲಿ ಸಿಸ್ಟರ್. ಮಾಲೆ ತೆಗೆದ ಮಾರನೇ ದಿನ ನಿಮ್ಮ ಬಾಗಿಲಾಗೆ ಇರ್ತೀನಿ. ಬೆನ್ನು ಸಾಯ್ತೈತೆ, ನಿದ್ದೆ ಅನ್ನೋದು ಇಲ್ಲ, ನಿಜ. ಆದ್ರೆ ಬೀಗರು ಇವತ್ತು ಎಲ್ಲರ ಎದುರು ನನ್ನ ಕೈ ಹಿಡ್ಕೊಂಡ್ರು ನೋಡಿದ್ರಾ?"

ಡಾಕ್ಟರು ಫೋನು ಮಾಡಿದರು, ಎತ್ತಲಿಲ್ಲ. ನಾನು ಸವಳಂಗದ ಅವರ ಮನೆಗೇ ಹೋದೆ, ಹಿತ್ತಲಿನಿಂದ ಹೊರಟುಹೋದರು. ಮಗಳಿಗೆ ತಿಳಿಸಿದೆ. ಅವಳು ಬಿಳಿಚೋಡಿನಿಂದ ಬಂದು ಅಪ್ಪನ ಕಾಲು ಕಟ್ಟಿಕೊಂಡು ಅತ್ತಳಂತೆ. "ಇನ್ನು ಸ್ವಲ್ಪ ದಿನ ಐತೆ, ತಡಕೊಳ್ಳವ್ವ. ನಿನ್ನ ಮೇಲೆ ಆಣೆ ಐತೆ" ಎಂದು ತಲೆ ಸವರಿ ಬಸ್ಸು ಹತ್ತಿಸಿ ಕಳಿಸಿದರಂತೆ.

ಆ ಸ್ವಲ್ಪ ದಿನ ಮುಗಿಯಲಿಲ್ಲ. ಒಂದು ದಿನ ಹಳೇ ಗೋಡೌನಿಗೆ ಹೋದರು, ಜತೆಯವರನ್ನು ಮಾತಾಡಿಸಿಕೊಂಡು ಬರುತ್ತೇನೆಂದು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬ ಹಳೆಯ ಗೆಳೆಯನ ಹತ್ತಿರ ಕ್ಯಾಪ್ಸೂಲು ಇಸಿದುಕೊಂಡರು, ನಿದ್ದೆಗೆಂದು ಇನ್ನೊಬ್ಬನಿಂದ ಇನ್ನೊಂದು ಮಾತ್ರೆ. ತಮ್ಮ ಹಳೆಯ ಕಾಲದ ಅಳತೆಯಲ್ಲೇ ನುಂಗಿದರು. ಅಷ್ಟನ್ನು ತಡೆಯುವ ಶಕ್ತಿ ಆ ಮೈಗೆ ಉಳಿದಿರಲಿಲ್ಲ. ಬಿಟ್ಟವರು ತಿರುಗಿ ಹಿಡಿದರೆ ಸಾಯುವುದು ಹೀಗೆಯೇ ಎಂದು ನಾವು ಬಾಯಿ ಹರಿದುಕೊಂಡು ಹೇಳಿದ್ದು ಇದನ್ನೇ.

ಗೆಳೆಯ ಆಮೇಲೆ ಸೆಂಟರಿಗೆ ಬಂದು ನನ್ನೆದುರು ತಲೆ ತಗ್ಗಿಸಿ ಕೂತು ಎಲ್ಲ ಹೇಳಿದ. "ಚೀಲದ ಮೇಲೆ ಮಲಗಿದ್ರು. ಗೊರಕೆ ಸಿಸ್ಟರ್, ಹೆಂಗೆ ಅಂತೀರಿ, ಎಲ್ರೂ ನಕ್ವಿ. ಪಾಪ, ವಾರಗಟ್ಟಲೆ ನಿದ್ದೆ ಇಲ್ಲ ಅಂದಿದ್ರು, ಎಬ್ಬಿಸಬ್ಯಾಡ್ರಿ ಅಂತ ನಾನೇ ಅಂದೆ. ಮುಖಕ್ಕೆ ನೊಣ ಕೂರ್ತಾವೆ ಅಂತ ಟವೆಲ್ ಮುಚ್ಚಿದ್ವಿ."

ಅದು ಗೊರಕೆಯಲ್ಲ, ಉಸಿರು ನಿಲ್ಲುತ್ತಿದ್ದ ಸದ್ದು. ಆ ಸದ್ದಿಗೆ ಎಚ್ಚೆತ್ತು ಓಡುವುದನ್ನು ನಮಗೆ ಕಲಿಸಿರುತ್ತಾರೆ. ಅವರಿಗೆ ಯಾರು ಕಲಿಸಬೇಕು?

ಹೋಗುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ. ಕ್ಯಾಪ್ಸೂಲು ಬಾಯಿಗೆ ಹಾಕಿಕೊಳ್ಳುವ ಮೊದಲು ಮೇಸ್ತ್ರಿ ಮಾಲೆಯನ್ನು ಕೊರಳಿಂದ ತೆಗೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ್ದರಂತೆ. ಸತ್ತದ್ದು ಗೊತ್ತಾದ ಮೇಲೆ ಹಮಾಲರೇ ಅದನ್ನು ಮತ್ತೆ ಕೊರಳಿಗೆ ಹಾಕಿ, ಆಮೇಲೆ ಮನೆಗೆ ಸುದ್ದಿ ಮುಟ್ಟಿಸಿದರು. "ಮಗಳ ಬಾಳು ಐತಲ್ಲ ಸಿಸ್ಟರ್" ಅಂದ. ಹಾರ್ಟು ಎಂದು ಎಲ್ಲರೂ ಒಪ್ಪಿದರು. ದಿನಕರ್ಮದಲ್ಲಿ ಬೀಗರು ಎದ್ದು ನಿಂತು, ಮಾಲೆಯಲ್ಲೇ ಹೋದ ಪುಣ್ಯವಂತ ಎಂದು ಹೊಗಳಿದರು. ಫ್ಲೆಕ್ಸ್ ಹಾಕಿಸಿದವರೂ ಅವರೇ.

ಸುಮಾರು ದಿನ ಕಳೆದ ಮೇಲೆ ಮಗಳು ಸೆಂಟರಿಗೆ ಬಂದಳು. ಗೇಟಿನ ಹೊರಗೆ ಕಾರು ನಿಂತಿತ್ತು. ಮಾವ ಅದರೊಳಗೇ ಕೂತಿದ್ದರು, ಇಳಿಯಲಿಲ್ಲ. ಅವಳು ಒಂದು ಪೊಟ್ಟಣವನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. ಡಾಕ್ಟರು ಕಟ್ಟಿಸಿ ಕೊಟ್ಟಿದ್ದ ಮಾತ್ರೆ. ರಾಗಿ ಡಬ್ಬದಲ್ಲಿ ಹುದುಗಿಸಿಟ್ಟಿದ್ದರಂತೆ. ಒಂದನ್ನೂ ಬಿಚ್ಚಿರಲಿಲ್ಲ.

"ವಾಪಸ್ ಕೊಡಾಕೆ ಬಂದೆ ಸಿಸ್ಟರ್. ಯಾರಿಗಾದ್ರೂ ಆಗ್ತೈತೆ." ಅವಳು ಕೂರಲಿಲ್ಲ. "ಇದನ್ನ ತಗೊಂಡಿದ್ರೆ ಅಪ್ಪ ಇರ್ತಿದ್ರಾ?"

ಸಮಾಧಾನದ ಮಾತು ನನಗೂ ಬರುತ್ತದೆ. ಆಯಸ್ಸು ಮುಗಿದಿತ್ತು, ಹಣೆಬರಹ ಎಂದೆಲ್ಲ ದಿನಾ ಯಾರಿಗಾದರೂ ಹೇಳುತ್ತಲೇ ಇರುತ್ತೇನೆ. ಇವಳಿಗೆ ಹೇಳಲು ಮನಸ್ಸು ಬರಲಿಲ್ಲ.

"ಇರ್ತಿದ್ರು" ಅಂದೆ.

ಅವಳು ತಲೆಯಾಡಿಸಿದಳು. "ಹಂಗಾದ್ರೆ ಅದನ್ನ ನಮ್ಮ ಮಾವಂಗೆ ಒಂದು ಸಲ ಹೇಳ್ರಿ. ನಾನು ಹೇಳಿದ್ರೆ ಬಾಯಿ ಮುಚ್ಚು ಅಂತಾರೆ."

ನಾನು ಅವಳ ಜತೆ ಗೇಟಿನವರೆಗೆ ನಡೆದೆ. ಕಾರಿನ ಗಾಜು ಇಳಿಯಿತು. ಯಜಮಾನರು ಎಂದಿನಂತೆ ಕೈ ಮುಗಿದರು.

"ನಿಮ್ಮ ಬೀಗರು ಮಾತ್ರೆ ತಿಂದು ಸಾಯಲಿಲ್ಲ ಯಜಮಾನ್ರೇ. ಮಾತ್ರೆ ಬಿಟ್ಟು ಸತ್ತರು. ನೀವು ಬಿಡಿಸಿದ್ರಿ" ಎಂದೆ. ನನ್ನ ದನಿ ರಸ್ತೆಯವರಿಗೂ ಕೇಳುವಷ್ಟು ಏರಿತ್ತು.

ಅವರು ಸಿಟ್ಟಾಗಲಿಲ್ಲ. ಅತ್ತ ಇತ್ತ ನೋಡಿದರು. ಸೊಸೆಗೆ ಹತ್ತು ಎಂದು ಕಣ್ಣಲ್ಲೇ ಹೇಳಿ, ಗಾಜಿನ ಹತ್ತಿರ ಬಾಗಿ ಮೆಲ್ಲಗೆ ಅಂದರು:

"ಹಂಗಂತ ಯಾರ ಮುಂದೂ ಅನ್ನಬ್ಯಾಡ್ರಿ ಸಿಸ್ಟರ್. ನಮ್ಮ ಮನ್ಯಾಗೆ ಇನ್ನೊಂದು ಮದುವೆ ಐತೆ."